ಜಗಲಿ ಪ್ರಶ್ನೋತ್ತರ: ಲಂಡನ್ ಹಿತ್ತಲಿನ ನರಿ, ಹೊಸನಗರದ ಕೋಳಿಗೂಡು

ಈ ಸಲ ಬಂದ ಪತ್ರಗಳಲ್ಲಿ ನರಿಯದ್ದೇ ಕಾರುಬಾರು. ಒಂದು ಪತ್ರ ಲಂಡನ್ನಿನಿಂದ, ಉಳಿದವು ನಮ್ಮ ಆಸುಪಾಸಿನವು. ಹಾಗಾಗಿ ಹಸು ಗಬ್ಬ ನಿಲ್ಲದ ಪ್ರಶ್ನೆ, ನಾಯಿಯ ಉಣ್ಣೆಯ ಪ್ರಶ್ನೆ ಎರಡನ್ನೂ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಬಂದೆ. ಇಲ್ಲಿ ಮನೆ ಹಿಂದೆ ಪುಟ್ಟ ಹಿತ್ತಲಿದೆ. ಬಂದ ಹೊಸದರಲ್ಲಿ ಕುಂಡದಲ್ಲಿ ಕೊತ್ತಂಬರಿ, ಮೆಂತ್ಯ ಹಾಕಿದ್ದೆ. ಕೆಂಪು ನರಿಯೊಂದು ಬೇಲಿ ಹಾರಿ ಬಂದು ಎಲ್ಲ ಅಗೆದು ಹಾಕಿತು. ಬಾಗಿಲ ಹೊರಗೆ ಬಿಟ್ಟ ನನ್ನ ಒಂದು ಕಾಲಿನ ಚಪ್ಪಲಿಯೂ ನಾಪತ್ತೆ. ಈಗ ಜನವರಿಯಲ್ಲಿ ಮತ್ತೊಂದು ಕಾಟ. ರಾತ್ರಿ ಯಾರೋ ಹೆಂಗಸು ಕಿರುಚಿಕೊಂಡ ಹಾಗೆ ಕಿರುಚುತ್ತದೆ. "ಇಲ್ಲಿ ಇದೆಲ್ಲ ಮಾಮೂಲಿ ಅತ್ತೆ" ಅಂತಾರೆ ಅಳಿಯಂದಿರು. ಮನೆಯಲ್ಲಿ ಎಳೆ ಕೂಸಿದೆ, ನನಗೆ ನಿದ್ದೆ ಹತ್ತುವುದಿಲ್ಲ. ಒಂದಿಷ್ಟು ಅನ್ನ ಹಾಕಿ ಒಲಿಸಿಕೊಂಡರೆ ತೆಪ್ಪಗಿರುತ್ತದಾ?
— ಸಾಗರದ ಗೃಹಿಣಿ, ಸದ್ಯ ಲಂಡನ್

ಉತ್ತರ: ಅಮ್ಮಾ, ಮೊದಲು ನಿಮ್ಮ ನಿದ್ದೆಯ ವಿಚಾರ. ಹಿತ್ತಲ ಬಾಗಿಲು ಮುಚ್ಚಿದ್ದರೆ ಕೂಸಿಗೆ ಏನೂ ಆಗುವುದಿಲ್ಲ. 2010ರ ಜೂನ್‌ನಲ್ಲಿ ಲಂಡನ್ನಿನ ಹ್ಯಾಕ್ನಿ ಎಂಬ ಕಡೆ, ಸೆಖೆಗೆ ತೆರೆದಿಟ್ಟ ಬಾಗಿಲಿನಿಂದ ನರಿ ಒಳಗೆ ಹೋಗಿ ಮಲಗಿದ್ದ ಅವಳಿ ಕೂಸುಗಳನ್ನು ಕಚ್ಚಿತ್ತು. ಮಕ್ಕಳು ಚೇತರಿಸಿಕೊಂಡರು. ಅಂಥದ್ದು ಬಹಳ ಅಪರೂಪ, ಅದಕ್ಕೇ ಅದು ಅಷ್ಟು ದೊಡ್ಡ ಸುದ್ದಿಯಾಯಿತು. ನಿಮ್ಮ ಹಿತ್ತಲಿಗೆ ಬರುವ ಪ್ರಾಣಿಯ ತೂಕ ಸಾಮಾನ್ಯವಾಗಿ 6–7 ಕಿಲೋ. ಚಳಿಗಾಲದ ರೋಮದಿಂದ ದಪ್ಪಗೆ ಕಾಣುತ್ತದೆ, ಅಷ್ಟೇ. ಮನುಷ್ಯರ ಮೇಲೆ ಬೀಳುವುದು ಅದರ ಸ್ವಭಾವವಲ್ಲ. ಬೇಸಿಗೆ ಬಂದ ಮೇಲೆ ಗಾಳಿಗೆಂದು ಬಾಗಿಲು ತೆಗೆದಿಟ್ಟು ಕೂಸನ್ನು ಒಂದೇ ಮಲಗಿಸಬೇಡಿ ಎಂದು ಮಗಳಿಗೆ ಹೇಳಿ. ಅಷ್ಟು ಸಾಕು.

ಕಿರುಚಾಟಕ್ಕೆ ಕಾರಣ ಬೆದೆ. ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಅಲ್ಲಿನ ನರಿಗಳು ಜೋಡಿಯಾಗುವ ಕಾಲ. ಹೆಣ್ಣು ಬೆದೆಗೆ ಬರುವುದೇ ವರ್ಷಕ್ಕೊಮ್ಮೆ, ಅದರಲ್ಲೂ ಗಬ್ಬ ನಿಲ್ಲುವುದು 3 ದಿನದ ಆಸುಪಾಸಿನಲ್ಲಿ ಮಾತ್ರ. ಹಸುವಿನ ಬೆದೆ ತಪ್ಪಿಹೋಯಿತು ಎಂದು ನನ್ನ ಹತ್ತಿರ ಬಂದು ಗೋಳಾಡುತ್ತಿದ್ದ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಹಸುವಿಗೆ 21 ದಿನಕ್ಕೆ ಇನ್ನೊಂದು ಅವಕಾಶ ಇದೆ, ಈ ಬಡಪಾಯಿಗೆ ಮುಂದಿನ ವರ್ಷವೇ ಗತಿ. ಕಿರುಚದೆ ಏನು ಮಾಡುತ್ತದೆ? ಗಬ್ಬ ನಿಂತರೆ ಸುಮಾರು 52 ದಿನ. ಮಾರ್ಚ್ ಹೊತ್ತಿಗೆ ಯಾರದೋ ಮನೆಯ ಶೆಡ್ಡಿನ ಅಡಿಯಲ್ಲಿ ನಾಲ್ಕೈದು ಮರಿ. ಹುಟ್ಟಿದಾಗ ಮರಿಗಳು ಕೆಂಪಗಿರುವುದಿಲ್ಲ, ಗಾಢ ಕಂದು ಬಣ್ಣ. ನಾಯಿಮರಿ ಎಂದುಕೊಂಡು ಮನೆಗೆ ಎತ್ತಿಕೊಂಡು ಹೋದವರಿದ್ದಾರೆ. ಏಪ್ರಿಲ್ ಕೊನೆಗೆ ಹೊರಗೆ ಆಡಲು ಬರುತ್ತವೆ. ನೀವು ಅಷ್ಟರವರೆಗೆ ಅಲ್ಲಿದ್ದರೆ ಕಿಟಕಿಯಿಂದ ನೋಡಿ, ಚೆನ್ನಾಗಿರುತ್ತದೆ.

ಕುಂಡದ ವಿಷಯದಲ್ಲಿ ನನಗೆ ನರಿಗಿಂತ ಗೊಬ್ಬರದ ಮೇಲೆ ಗುಮಾನಿ. ಅಂಗಡಿಯಿಂದ ತಂದ ಚೀಲ ಒಮ್ಮೆ ತಿರುಗಿಸಿ ನೋಡಿ. ಮೂಳೆಪುಡಿ ಅಥವಾ ಮೀನಿನ ಗೊಬ್ಬರ ಇದ್ದರೆ ಅಲ್ಲೇ ಇದೆ ಕಾರಣ. ವಾಸನೆ ಹಿಡಿದ ನರಿ ಇಲ್ಲಿ ಏನೋ ಹೂತಿದ್ದಾರೆ ಎಂದುಕೊಂಡು ಅಗೆಯುತ್ತದೆ. ಮುಂದಿನ ಸಲ ಎಲೆ, ತರಕಾರಿ ಸಿಪ್ಪೆ ಕೊಳೆತ ಗೊಬ್ಬರ ಹಾಕಿ, ಕುಂಡದ ಮೇಲೆ ತಂತಿ ಬಲೆ ಇಡಿ. ಎರೆಹುಳ, ದುಂಬಿಯ ಮರಿಹುಳಕ್ಕೂ ಕೆದಕುತ್ತದೆ. ಎರೆಹುಳ ಎಂದರೆ ಅದಕ್ಕೆ ಪಂಚಪ್ರಾಣ. ಮಳೆ ಬಂದ ರಾತ್ರಿ ಹುಲ್ಲುಹಾಸಿನ ಮೇಲೆ ನಿಧಾನ ನಡೆಯುತ್ತಾ, ಹುಳದ ತುದಿ ಹಲ್ಲಲ್ಲಿ ಹಿಡಿದು, ತುಂಡಾಗದ ಹಾಗೆ ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ಹುಳ ಸಡಿಲ ಬಿಟ್ಟಾಗ ಪೂರ್ತಿ ಹೊರಗೆ.

ಚಪ್ಪಲಿ ಸಿಗುವುದಿಲ್ಲ ಬಿಡಿ. 2020ರಲ್ಲಿ ಜರ್ಮನಿಯ ಬರ್ಲಿನ್ ನಗರದ ಝೆಲೆಂಡಾರ್ಫ್ ಎಂಬ ಬಡಾವಣೆಯಲ್ಲಿ ಜನರ ಚಪ್ಪಲಿ, ಶೂ ಒಂದೊಂದೇ ಕಾಣೆಯಾಗುತ್ತಿದ್ದವು. ಕೊನೆಗೆ ಒಬ್ಬರು ಹುಡುಕಿಕೊಂಡು ಹೋದರೆ ಖಾಲಿ ಜಾಗವೊಂದರಲ್ಲಿ ನರಿ ಕೂಡಿಟ್ಟ 100ಕ್ಕೂ ಹೆಚ್ಚು ಪಾದರಕ್ಷೆ! ಬೆವರಿನ ವಾಸನೆ, ಕಚ್ಚಲು ಮೆತ್ತಗೆ, ಆಡಲು ಹಗುರ. ನಾವೋ ಚಪ್ಪಲಿ ಹೊರಗೆ ಬಿಡುವ ಜನ. ಅಲ್ಲಿರುವಷ್ಟು ದಿನ ಒಳಗೇ ಇಡಿ, ದೇವರು ಏನೂ ಅಂದುಕೊಳ್ಳುವುದಿಲ್ಲ.

ಇನ್ನು ಅನ್ನ ಹಾಕುವ ಮಾತು. ದಯವಿಟ್ಟು ಬೇಡ. ಅಲ್ಲಿ ಹಾಕಬಾರದು ಎಂಬ ಕಾನೂನಿಲ್ಲ, ಹಾಕುವವರೂ ಜಾಸ್ತಿ ಇದ್ದಾರೆ. ಆದರೆ ನರಿ ಹೊಟ್ಟೆ ತುಂಬಿದ ಮೇಲೆ ನಿಲ್ಲಿಸುವುದಿಲ್ಲ. ಉಳಿದದ್ದನ್ನು ಒಯ್ದು ಪಕ್ಕದ ಮನೆಯವರ ಹೂವಿನ ಪಾತಿಯಲ್ಲಿ ಹೂತಿಡುತ್ತದೆ. ಆಮೇಲೆ ಜಗಳ ಅಳಿಯಂದಿರಿಗೆ. ಅದಕ್ಕಿಂತ ಮುಖ್ಯ, ದಿನಾ ಬಾಗಿಲಲ್ಲಿ ಊಟ ಸಿಕ್ಕಿದ ಪ್ರಾಣಿ ಒಂದು ದಿನ ಬಾಗಿಲು ದಾಟುತ್ತದೆ. ಕೂಸಿರುವ ಮನೆಯಲ್ಲಿ ಅದು ಬೇಡ. ಹಿತ್ತಲಲ್ಲಿ ಅದರ ಹಿಕ್ಕೆ ಕಂಡರೆ ಕೈಗೆ ಚೀಲ ಹಾಕಿಕೊಂಡು ತೆಗೆದು, ಸೋಪಿನಿಂದ ಕೈ ತೊಳೆಯಿರಿ. ನಾಯಿಯ ಹೊಟ್ಟೆಯಲ್ಲಿರುವ ದುಂಡುಹುಳದ ಮೊಟ್ಟೆ ಇದರ ಹಿಕ್ಕೆಯಲ್ಲೂ ಇರುತ್ತದೆ.

ಪ್ರಶ್ನೆ: ಗಾಜನೂರು ಕಡೆ ನಾಲೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಹೋದಾಗ ತೆಗೆದ ಫೋಟೋ ಕಳಿಸಿದ್ದೇನೆ. ಇದು ರೆಡ್ ಫಾಕ್ಸ್ ಅಲ್ವಾ ಡಾಕ್ಟ್ರೇ? ಬಣ್ಣ ಕೆಂಪಗೇ ಇದೆ.
— ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಉತ್ತರ: ಅಲ್ಲ ಸ್ವಾಮಿ. ಫೋಟೋ ಚೆನ್ನಾಗಿ ಬಂದಿದೆ, ಅದರಲ್ಲೇ ಉತ್ತರವೂ ಇದೆ. ಬಾಲ ನೋಡಿ: ಚಿಕ್ಕದು, ನೆಲದವರೆಗೆ ಬಂದಿಲ್ಲ, ತುದಿ ಕಪ್ಪು. ಕೆಂಪು ನರಿಯ ಬಾಲ ಮೈಯ ಮುಕ್ಕಾಲು ಉದ್ದ, ಪೊದೆಯಂತಿರುತ್ತದೆ, ತುದಿ ಸಾಮಾನ್ಯವಾಗಿ ಬಿಳಿ. ಕಾಲು ನೋಡಿ: ಮೈಯದ್ದೇ ಕಂದು ಬಣ್ಣ. ಕೆಂಪು ನರಿಗೆ ಕಾಲಿನ ಕೆಳಭಾಗ ಮತ್ತು ಕಿವಿಯ ಹಿಂಬದಿ ಕಪ್ಪು. ನಿಮಗೆ ಸಿಕ್ಕಿದ್ದು ನಮ್ಮ ಮಲೆನಾಡಿನ ಮಾಮೂಲಿ ನರಿ, ಜಾಕಲ್. ತೋಳದ, ನಾಯಿಯ ಹತ್ತಿರದ ಸಂಬಂಧಿ. ಬೆಳಗಿನ ಬಿಸಿಲು ಬಿದ್ದರೆ ಎಲ್ಲ ಕೆಂಪಗೇ ಕಾಣುತ್ತದೆ.

ನಿಜವಾದ ಕೆಂಪು ನರಿ ನಮ್ಮ ದೇಶದಲ್ಲೇ ಇದೆ, ಆದರೆ ನಮ್ಮ ಕಡೆ ಇಲ್ಲ. ಲಡಾಖ್, ಕಾಶ್ಮೀರ, ಹಿಮಾಚಲದ ಚಳಿಯಲ್ಲಿ ಒಂದು ಬಗೆ, ರಾಜಸ್ಥಾನದ ಮರಳುಗಾಡು ಮತ್ತು ಕಛ್‌ನಲ್ಲಿ ತೆಳ್ಳಗಿನ ಇನ್ನೊಂದು ಬಗೆ. ಯುರೋಪು, ಏಷ್ಯಾ, ಉತ್ತರ ಅಮೆರಿಕ, ಆಫ್ರಿಕಾದ ಉತ್ತರದ ತುದಿ ಎಲ್ಲ ಕಡೆ ಇದೆ. ಆಸ್ಟ್ರೇಲಿಯಾಕ್ಕೆ 19ನೇ ಶತಮಾನದಲ್ಲಿ ಇಂಗ್ಲಿಷರು ಬೇಟೆಯ ಶೋಕಿಗೆ ಒಯ್ದು ಬಿಟ್ಟರು. ಅಲ್ಲಿನ ಸಣ್ಣ ಪ್ರಾಣಿಗಳಿಗೆ ಇವತ್ತಿಗೂ ಅದರಿಂದ ಬಿಡುಗಡೆಯಿಲ್ಲ. ಬಯಲುಸೀಮೆಯ ಸಣ್ಣ ನರಿ ಮತ್ತೊಂದು ಜಾತಿ: ಬೂದು ಮೈ, ಕಪ್ಪು ತುದಿಯ ಬಾಲ, ತೂಕ 2–3 ಕಿಲೋ. ಅದನ್ನು ನೋಡುವ ಆಸೆಯಿದ್ದರೆ ಕಡೂರಿನ ಕಡೆ ಹೋಗಿ, ಬಾಸೂರಿನ ಅಮೃತಮಹಲ್ ಕಾವಲಿನಂಥ ಹುಲ್ಲುಗಾವಲು ಅದರ ಮನೆ. ನಮ್ಮ ಕಾನು, ತೋಟ, ಜಡಿಮಳೆ ಅದಕ್ಕೆ ಆಗಿಬರುವುದಿಲ್ಲ.

ಪ್ರಶ್ನೆ: ಲಂಡನ್ ರಸ್ತೆಗಳಲ್ಲಿ ನರಿ ಆರಾಮಾಗಿ ಓಡಾಡುವ ವಿಡಿಯೋ ನೋಡಿದೆ. ಶಿವಮೊಗ್ಗದ ಸುತ್ತ ಇಷ್ಟು ಕಾಡಿದ್ದರೂ ಊರೊಳಗೆ ನರಿ ಯಾಕೆ ಬರುವುದಿಲ್ಲ?
— ಪಿಯುಸಿ ವಿದ್ಯಾರ್ಥಿನಿ, ಭದ್ರಾವತಿ

ಉತ್ತರ: ಒಳ್ಳೆಯ ಪ್ರಶ್ನೆ ಕಣಮ್ಮಾ. ಸೀಟು ಖಾಲಿ ಇಲ್ಲ, ಅದಕ್ಕೆ.

ಲಂಡನ್ನಿಗೂ ನರಿ ಮೊದಲಿನಿಂದ ಬಂದದ್ದಲ್ಲ. 1930ರ ದಶಕದಲ್ಲಿ ಊರು ಹೊರಕ್ಕೆ ಬೆಳೆಯಿತು. ಸಾಲು ಮನೆ, ಪ್ರತಿ ಮನೆಗೂ ಹಿಂದೆ ಹಿತ್ತಲು, ಅದರಲ್ಲಿ ಪೊದೆ, ಶೆಡ್ಡು, ಹಣ್ಣಿನ ಗಿಡ. ನರಿಗೆ ಇನ್ನೇನು ಬೇಕು? ಇಲಿ, ಪಾರಿವಾಳ, ಎರೆಹುಳ, ಬಿದ್ದ ಸೇಬು, ಚೀಲದಲ್ಲಿ ಹೊರಗಿಟ್ಟ ಕಸ. ಅಟ್ಟಾಡಿಸಲು ಬೀದಿನಾಯಿ ಇಲ್ಲ. 2011ರಲ್ಲಿ ಶಾರ್ಡ್ ಎಂಬ ಗಗನಚುಂಬಿ ಕಟ್ಟಡ ಏಳುತ್ತಿದ್ದಾಗ ಒಂದು ನರಿ ಮೆಟ್ಟಿಲು ಹತ್ತಿ 72ನೇ ಮಹಡಿ ಸೇರಿತ್ತು. ಕೆಲಸದವರು ಬಿಟ್ಟ ಊಟದ ಚೂರು ತಿಂದು ಅಲ್ಲೇ ಬಿಡಾರ ಹೂಡಿತ್ತು. ಹಿಡಿದು, ತಪಾಸಣೆ ಮಾಡಿ, ಮತ್ತೆ ಬೀದಿಗೇ ಬಿಟ್ಟರು.

ಈಗ ನಮ್ಮ ಊರಿಗೆ ಬಾ. ಕಲ್ಯಾಣ ಮಂಟಪದ ಹಿಂದೆ ಎಂಜಲೆಲೆ ಬಿಸಾಡುವ ಜಾಗ, ಕೋಳಿ ಅಂಗಡಿಯ ಪಕ್ಕದ ಮೋರಿ. ರಾತ್ರಿ ಹತ್ತಕ್ಕೆ ಹೋಗಿ ನೋಡು, ಯಾರು ಇರುತ್ತಾರೆ? ನಾಯಿ ಹಿಂಡು. ಅಲ್ಲಿ ನರಿ ಮಾಡುವ ಕೆಲಸವನ್ನೆಲ್ಲ ಇಲ್ಲಿ ನಾಯಿ ಮಾಡುತ್ತಿದೆ. ಒಂಟಿ ನರಿ ಒಳಗೆ ಕಾಲಿಟ್ಟರೆ ಹರಿದು ಹಾಕುತ್ತವೆ. ಕಚ್ಚದಿದ್ದರೂ ಕಾಯಿಲೆ ಕೊಡುತ್ತವೆ. ಡಿಸ್ಟೆಂಪರ್, ಪಾರ್ವೊ, ಹುಚ್ಚು ಮೂರೂ ನಾಯಿಯಿಂದ ನರಿಗೆ ದಾಟುತ್ತವೆ. ನಮ್ಮ ಹಳ್ಳಿಗಳಲ್ಲಿ ಮುಸ್ಸಂಜೆ ಊಳಿಡುವ ಸದ್ದು ಕಡಿಮೆಯಾಗಿದೆ ಎಂದು ಹಿರಿಯರು ಹೇಳುವುದನ್ನು ನೀನೂ ಕೇಳಿರಬಹುದು. ಹಂದಿಗೆ ಇಟ್ಟ ಉರುಳು, ಸಿಡಿಮದ್ದು, ಸತ್ತ ದನಕ್ಕೆ ಬೆರೆಸಿದ ವಿಷ ಇವೆಲ್ಲ ಲೆಕ್ಕಕ್ಕಿವೆ. ಆದರೆ ನನ್ನ ಕೇಳಿದರೆ ಮೊದಲ ಹೆಸರು ನಾಯಿಯದ್ದೇ. ಅದರ ಹಿಂದೆ ನಮ್ಮ ಕಸ.

ನಾಯಿ ಕಡಿಮೆಯಿರುವ ಕಡೆ ನರಿ ಊರಿಗೂ ಹೊಂದಿಕೊಳ್ಳುತ್ತದೆ. ಮುಂಬೈಯ ಕಾಂಡ್ಲಾ ಕಾಡುಗಳ ಅಂಚಿನಲ್ಲಿ, ಅಪಾರ್ಟ್‌ಮೆಂಟುಗಳ ಬುಡದಲ್ಲೇ ಈಗಲೂ ಇವೆ. ನಮ್ಮಲ್ಲೂ ರಾತ್ರಿ ಹೆದ್ದಾರಿಯಲ್ಲಿ ಆಂಬುಲೆನ್ಸ್ ಹೋದಾಗ ಕಿವಿಗೊಟ್ಟು ಕೇಳು. ಸೈರನ್ನಿಗೆ ತೋಟದಾಚೆಯಿಂದ ನರಿ ದನಿಗೂಡಿಸುವುದುಂಟು.

ಲಂಡನ್ ನರಿಗಳ ಬಾಳು ಸುಖದ್ದು ಎಂದುಕೊಳ್ಳಬೇಡ. ಬಹುಪಾಲು ಎರಡು ವರ್ಷ ತುಂಬುವ ಮೊದಲೇ ಸಾಯುತ್ತವೆ, ಹೆಚ್ಚಿನವು ಕಾರಿಗೆ ಸಿಕ್ಕಿ. ಬ್ರಿಸ್ಟಲ್ ನಗರದಲ್ಲಿ 1994ರಲ್ಲಿ ಕಜ್ಜಿ ಹಬ್ಬಿ ಎರಡೇ ವರ್ಷದಲ್ಲಿ ಅಲ್ಲಿನ ನರಿಗಳಲ್ಲಿ 95%ಕ್ಕೂ ಹೆಚ್ಚು ಸತ್ತವು. ನಮ್ಮ ಬೀದಿನಾಯಿಗಳ ಮೈ ಉದುರಿಸುವ ಅದೇ ಕಜ್ಜಿ ಹುಳ. ಚರ್ಮ ದಪ್ಪಗಾಗಿ, ಬಿರಿದು, ಕಣ್ಣು ಮುಚ್ಚಿಹೋಗಿ, ಹಗಲಲ್ಲೇ ಬಿಸಿಲಿಗೆ ಬಂದು ಕೂರುತ್ತವೆ. ನಾಯಿಯಲ್ಲಾದರೆ ಹಿಡಿದು ಮದ್ದು ಹಾಕಬಹುದು.

ಪ್ರಶ್ನೆ: ನರಿ ನಮ್ಮ ಕೋಳಿಗೂಡಿಗೆ ನುಗ್ಗಿ ಒಂದೇ ರಾತ್ರಿ ಏಳು ನಾಟಿ ಕೋಳಿ ಕೊಂದಿದೆ. ಬಾಗಿಲು ಹಾಕಿದ್ದೆ. ಅಡಿಕೆ ದಬ್ಬೆಯ ಸಂದಿಯಲ್ಲಿ ನುಗ್ಗಿದೆ, ಸಂದಿ ನಾಲ್ಕು ಬೆರಳಷ್ಟು. ಎಲ್ಲದರ ಕುತ್ತಿಗೆ ಕಚ್ಚಿದೆ, ಒಂದನ್ನೂ ಒಯ್ದಿಲ್ಲ. ಸಿಟ್ಟು ಬಂದಿದೆ. ಉರುಳು ಎಲ್ಲಿ ಇಡಲಿ?
— ಕೃಷಿಕರು, ಹೊಸನಗರ

ಉತ್ತರ: ಉರುಳು ಬೇಡ. ಕಾನೂನಿನ ಪ್ರಕಾರ ಅಪರಾಧ, ಮೇಲಾಗಿ ನಿಮ್ಮ ಕಡೆ ಉರುಳಿಗೆ ಸಿಕ್ಕಿಬೀಳುವುದು ನರಿಯೇ ಆಗಬೇಕಿಲ್ಲ. ಚಿರತೆ ಬಿದ್ದರೆ? ಬಿಡಿಸಲು ಹೋದವರ ಗತಿ ಏನು?

ನೀವು ಬರೆದ ವಿವರ ನೋಡಿದರೆ ಇದು ನರಿಯ ಕೆಲಸವೂ ಅಲ್ಲ. ನಿಮ್ಮ ಕೈಯ ನಾಲ್ಕು ಬೆರಳು ಜೋಡಿಸಿ ನೋಡಿ. ಆ ಸಂದಿಯಲ್ಲಿ ದೊಡ್ಡ ನರಿಯ ತಲೆ ತೂರುವುದು ಕಷ್ಟ, ಭುಜವಂತೂ ಸಾಧ್ಯವಿಲ್ಲ. ನರಿ ಬಂದಿದ್ದರೆ ಗೂಡಿನ ಬುಡದಲ್ಲಿ ಮಣ್ಣು ಕೆದಕಿದ ಗುರುತು ಇರುತ್ತಿತ್ತು. ಸಿಕ್ಕಿದ್ದನ್ನು ಕಚ್ಚಿಕೊಂಡು ಓಡುವ ಪ್ರಾಣಿ ಅದು. ಅಂಗಳದಿಂದ ಧರೆಯವರೆಗೆ ಪುಕ್ಕ ಉದುರಿರಬೇಕಿತ್ತು. ಮುಂಗುಸಿ ರಾತ್ರಿ ಬರುವುದಿಲ್ಲ. ಸಣ್ಣ ಸಂದಿ, ರಾತ್ರಿ ಹೊತ್ತು, ಕುತ್ತಿಗೆಗೇ ಬಾಯಿ: ಪುನುಗು ಅಥವಾ ಕಾಡುಬೆಕ್ಕು ಇರಬೇಕು. ಮಲೆನಾಡಿನಲ್ಲಿ ಯಾರದೇ ಕೋಳಿ ಹೋದರೂ ಹೆಸರು ಮಾತ್ರ ನರಿಯದ್ದು.

ಎಲ್ಲ ಕೊಂದು ಒಂದನ್ನೂ ಒಯ್ಯದಿದ್ದರೆ ಸೇಡು ಎಂದು ಜನ ತಿಳಿಯುತ್ತಾರೆ. ಇಂಗ್ಲೆಂಡಿನ ಕೋಳಿ ಸಾಕುವವರೂ ಕೆಂಪು ನರಿಗೆ ಇದೇ ಆಪಾದನೆ ಹೊರಿಸುತ್ತಾರೆ. ಸೇಡೂ ಇಲ್ಲ, ಏನೂ ಇಲ್ಲ. ಬಯಲಲ್ಲಿ ಒಂದು ಹಕ್ಕಿ ಹಿಡಿದರೆ ಉಳಿದವು ಹಾರಿಹೋಗುತ್ತವೆ. ಗೂಡಲ್ಲಿ ಹಾರಲು ಜಾಗವಿಲ್ಲ, ಕಣ್ಣೆದುರು ಪಟಪಟ ಬಡಿದುಕೊಳ್ಳುತ್ತಲೇ ಇರುತ್ತವೆ. ಬಡಿದುಕೊಳ್ಳುವುದು ನಿಲ್ಲುವ ತನಕ ಅದು ಕಚ್ಚುತ್ತಲೇ ಇರುತ್ತದೆ. ಬಿಟ್ಟರೆ ಒಂದೊಂದಾಗಿ ಒಯ್ದು ಹೂತಿಡುತ್ತಿತ್ತು ಕೆಂಪು ನರಿ. ಅಷ್ಟರಲ್ಲಿ ಮನೆಯವರು ದೀಪ ಹಾಕುತ್ತಾರೆ.

ಮಾಡಬೇಕಾದದ್ದು ಇಷ್ಟು. ದಬ್ಬೆಯ ಮೇಲೆ ಒಳಗಿನಿಂದ ಬೆಸುಗೆ ಹಾಕಿದ ಅರ್ಧ ಇಂಚಿನ ತಂತಿ ಬಲೆ ಹೊಡೆಯಿರಿ. ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ಹಲ್ಲಿರುವವರನ್ನು ಹೊರಗಿಡುವುದಿಲ್ಲ. ಬಲೆಯನ್ನು ಗೋಡೆಯ ಬುಡದಿಂದ ಒಂದು ಅಡಿ ಹೊರಕ್ಕೆ ನೆಲದಲ್ಲಿ ಹಾಸಿ, ಮೇಲೆ ಮಣ್ಣು ಮುಚ್ಚಿ. ಅಗೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಅಗೆಯುತ್ತದೆ, ಬಲೆ ತಾಗಿದರೆ ಬಿಟ್ಟು ಹೋಗುತ್ತದೆ. ಬಾಗಿಲಿಗೆ ತಿರುಗಿಸುವ ಮರದ ಅಗುಳಿ ಸಾಲದು, ಚಿಲಕ ಹಾಕಿ. ದೀಪ ಹಚ್ಚುವ ಹೊತ್ತಿಗೆ ಕೋಳಿ ಒಳಗಿರಬೇಕು. ಸತ್ತ ಕೋಳಿಗಳನ್ನು ತೋಟದ ಅಂಚಿಗೆ ಎಸೆಯಬೇಡಿ. ನೀವು ಎಸೆದಿದ್ದೀರಿ ಎಂದು ನನಗೆ ಅನುಮಾನ.

ಒಂದು ಮಾತು ನರಿಯ ಪರವಾಗಿ. ಗದ್ದೆಯ ಇಲಿ, ಏಡಿ, ಬಿದ್ದ ನೇರಳೆ, ಸತ್ತ ದನ ಇವೆಲ್ಲ ಅದರ ಊಟ. ಭತ್ತ ಬೆಳೆಯುವ ನಿಮಗೆ ಇಲಿಯ ಕಾಟ ನಾನು ಹೇಳಬೇಕಾ?

ಪ್ರಶ್ನೆ: ನಾನು 5ನೇ ಕ್ಲಾಸ್. ನಾಯಿ ಸಾಕಿದ ಹಾಗೆ ನರಿ ಸಾಕಬಹುದಾ?
— ಶಾಲಾ ಬಾಲಕ, ತೀರ್ಥಹಳ್ಳಿ

ಉತ್ತರ: ಇಲ್ಲಿ ಸಾಕುವಂತಿಲ್ಲ ಪುಟ್ಟಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಆದರೆ ನಿನ್ನ ಪ್ರಶ್ನೆಯನ್ನೇ ರಷ್ಯಾದ ವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ ಕೂಡ ಕೇಳಿಕೊಂಡಿದ್ದರು. 1959ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ತುಪ್ಪಳಕ್ಕೆಂದು ಸಾಕಿದ್ದ ಬೆಳ್ಳಿ ಬಣ್ಣದ ನರಿಗಳನ್ನು ತಂದರು. ಅವೂ ಕೆಂಪು ನರಿಯ ಜಾತಿಯೇ, ಬಣ್ಣ ಮಾತ್ರ ಬೇರೆ. ಮನುಷ್ಯನನ್ನು ಕಂಡರೆ ಕಡಿಮೆ ಹೆದರುವ ನರಿಗಳನ್ನಷ್ಟೇ ಆರಿಸಿ ಮರಿ ಮಾಡಿಸುತ್ತಾ ಹೋದರು. ಕೆಲವೇ ತಲೆಮಾರಿಗೆ ಬಾಲ ಅಲ್ಲಾಡಿಸುವ, ಕೈ ನೆಕ್ಕುವ ಮರಿಗಳು ಹುಟ್ಟಿದವು. ಆಮೇಲೆ ಕೆಲವಕ್ಕೆ ಕಿವಿ ಜೋತುಬಿತ್ತು, ಮೈಮೇಲೆ ಬಿಳಿ ಮಚ್ಚೆ ಬಂತು. ಬೆಲ್ಯಾಯೆವ್ ತೀರಿಕೊಂಡ ಮೇಲೆ ಲ್ಯುದ್ಮಿಲಾ ತ್ರೂತ್ ಎಂಬ ವಿಜ್ಞಾನಿ ಆ ಕೆಲಸ ಮುಂದುವರಿಸಿದರು. ಅಷ್ಟು ಮಾಡಿದರೂ ಅವುಗಳ ಉಚ್ಚೆಯ ವಾಸನೆ ನರಿಯದ್ದೇ. ನಿಮ್ಮಮ್ಮ ಒಪ್ಪುವುದಿಲ್ಲ.

ಪ್ರಶ್ನೆ: ಹಾಡಹಗಲೇ ನರಿಯೊಂದು ಕೊಟ್ಟಿಗೆಗೆ ಬಂದು ಕರುವಿನ ಮೂತಿಗೆ ಕಚ್ಚಿತು. ಓಡಿಸಲು ಹೋದ ನನ್ನ ತಮ್ಮನ ಮೇಲೂ ತಿರುಗಿ ಬಿದ್ದು ಕೈ ಪರಚಿದೆ. ಗಾಯ ಸಣ್ಣದು. ಅರಿಸಿನ ಹಚ್ಚಿದ್ದೇವೆ. ಸಾಕಲ್ವಾ?
— ಹಾಲು ಉತ್ಪಾದಕರು, ಸೊರಬ

ಉತ್ತರ: ಸಾಲದು. ಈ ಪತ್ರ ಕೈಗೆ ಬಂದ ಕೂಡಲೇ ನಿಮಗೆ ಫೋನ್ ಮಾಡಿ ತಮ್ಮನವರನ್ನು ಆಸ್ಪತ್ರೆಗೆ ಕಳಿಸಿಯಾಗಿದೆ. ಉಳಿದ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೆದರಿ ಓಡಬೇಕಾದ ನರಿ ಹಗಲಲ್ಲಿ ಮನುಷ್ಯರ ಮೇಲೆ ಬಂದರೆ ಹುಚ್ಚು ಎಂದೇ ತಿಳಿಯಬೇಕು. ಗಾಯ ಸಣ್ಣದಿರಲಿ, ದೊಡ್ಡದಿರಲಿ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ ಕಾಡುಪ್ರಾಣಿ ಕಚ್ಚಿದೆ ಎಂದು ಬಾಯಿಬಿಟ್ಟು ಹೇಳಿ. ಲಸಿಕೆಯ ಜೊತೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ದೊಡ್ಡ ಡಾಕ್ಟರೂ ಏನೂ ಮಾಡಲಾರರು. ಕರುವಿಗೂ ಲಸಿಕೆ ಹಾಕಿಸಿ.

ಮಲೆನಾಡಿನ ದನ ಸಾಕುವವರಿಗೆ ಒಂದು ಎಚ್ಚರಿಕೆ. ಹುಚ್ಚು ತಗುಲಿದ ದನ ಯಾವಾಗಲೂ ಹಾಯಲು ಬರುವುದಿಲ್ಲ. ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ದನಿ ಒಡೆದು ಮತ್ತೆ ಮತ್ತೆ ಕೂಗುತ್ತದೆ. ಗಂಟಲಲ್ಲಿ ಮಾವಿನ ವಾಟೆ ಸಿಕ್ಕಿಕೊಂಡಿದೆ ಎಂದು ಮನೆಯವರು ಮೊಣಕೈವರೆಗೆ ಕೈ ಹಾಕಿ ಹುಡುಕುತ್ತಾರೆ. ಅಂಥ ಮನೆಗಳಿಗೆ ನಾನೇ ಹೋಗಿದ್ದೇನೆ. ಕಾರಣ ಗೊತ್ತಾಗದೆ ಬಾಯಿಗೆ ಕೈ ಹಾಕಬೇಡಿ.

ನಿಮ್ಮ ಇನ್ನೊಂದು ಪ್ರಶ್ನೆ, ಕಾಡಿನ ನರಿಗೆ ಲಸಿಕೆ ಹಾಕಲು ಆಗುತ್ತದಾ ಎಂಬುದು. ಆಗುತ್ತದೆ. ಯುರೋಪಿನಲ್ಲಿ ಎರಡನೇ ಮಹಾಯುದ್ಧದ ನಂತರ ಕೆಂಪು ನರಿಗಳಲ್ಲಿ ಹುಚ್ಚು ಹಬ್ಬಿತ್ತು. ಗುಂಡು ಹೊಡೆದರು, ಬಿಲಕ್ಕೆ ಹೊಗೆ ಬಿಟ್ಟರು, ಪ್ರಯೋಜನವಾಗಲಿಲ್ಲ. ಒಂದು ಸತ್ತರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತಿತ್ತು. 1978ರಲ್ಲಿ ಸ್ವಿಟ್ಜರ್‌ಲೆಂಡಿನವರು ಕೋಳಿಯ ತಲೆಯೊಳಗೆ ಲಸಿಕೆಯ ಪೊಟ್ಟಣ ಇಟ್ಟು ಕಾಡಿನ ಅಂಚಿನಲ್ಲಿ ಎಸೆದರು. ನರಿ ಕಚ್ಚಿದಾಗ ಪೊಟ್ಟಣ ಒಡೆದು ಲಸಿಕೆ ಬಾಯಿಗೆ ಹೋಗುತ್ತಿತ್ತು. ಆಮೇಲೆ ಬೇರೆ ದೇಶಗಳೂ ವಿಮಾನದಿಂದ ಲಸಿಕೆಯ ಉಂಡೆ ಉದುರಿಸಿದವು. ಪಶ್ಚಿಮ ಯುರೋಪಿನಲ್ಲಿ ನರಿಯ ಹುಚ್ಚು ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮಲ್ಲಿ ರೋಗದ ಬೇರು ಇರುವುದು ನಾಯಿಯಲ್ಲಿ. ನಿಮ್ಮ ಊರಿನ ನಾಯಿಗಳಿಗೆ ವರ್ಷಕ್ಕೊಮ್ಮೆ ಲಸಿಕೆ ಬಿದ್ದರೆ ನರಿಗೂ ಬರುವುದಿಲ್ಲ. ಹಾಲಿನ ಡೇರಿಯ ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಪಶು ಆಸ್ಪತ್ರೆಯವರನ್ನು ಕರೆಸಿ ಒಂದು ಭಾನುವಾರ ಶಿಬಿರ ಮಾಡಿಸಿ.

ಪ್ರಶ್ನೆ: ಮನೆಗೆ ಬಂದ ಒಬ್ಬರಿಂದ ನರಿ ಕೊಂಬು ಕೊಂಡಿದ್ದೇನೆ. ಅಸಲಿ ಹೌದೋ ಅಲ್ಲವೋ ಕಂಡುಹಿಡಿಯುವುದು ಹೇಗೆ?
— ಹೆಸರು ಬೇಡ ಎಂದವರು, ಶಿಕಾರಿಪುರ

ಉತ್ತರ: ನರಿಗೆ ಕೊಂಬಿಲ್ಲ. ನಿಮಗೆ ಕೊಟ್ಟಿರುವುದು ರೋಮ ಸಮೇತ ಇರುವ ಚರ್ಮದ ತುಂಡು, ಒಳಗೆ ಮೂಳೆಯ ಚೂರೋ ಉಗುರೋ ಸೇರಿಸಿ ಹೊಲಿದದ್ದು. ಬೆಳಿಗ್ಗೆ ನರಿ ಮುಖ ನೋಡಿದರೆ ಅದೃಷ್ಟ ಅನ್ನುತ್ತಾರಲ್ಲ, ಅದು ಬದುಕಿರುವ ನರಿಯ ಮಾತು. ಚರ್ಮ ನಾಯಿಯದ್ದಾದರೆ ನೀವು ಮೋಸ ಹೋಗಿದ್ದೀರಿ. ನರಿಯದ್ದೇ ಆದರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಹತ್ತಿರದ ವಲಯ ಅರಣ್ಯ ಕಚೇರಿಗೆ ಒಯ್ದು ಒಪ್ಪಿಸಿ, ಮಾರಿದವರ ಚಹರೆ ಹೇಳಿ. ಕೊಟ್ಟ ದುಡ್ಡು ವಾಪಸ್ ಬರುವ ಆಸೆ ಬಿಟ್ಟುಬಿಡಿ.